ಕಾಫಿಯೂ ಚೀನೀ ವೈದ್ಯನೂ

ಕಾಫಿ ಕುಡಿದರೆ ಮೈ ಇಳಿಯುವುದೆಂಬ ಮಾತು ಇಂದು ಲೋಕದಲ್ಲೆಲ್ಲ ಹಬ್ಬಿದೆ. ಇದನ್ನು ಚೀನೀ ಸಂಪ್ರದಾಯದ ವೈದ್ಯನೊಬ್ಬನ ಮುಂದಿಟ್ಟರೆ, ಅವನು ಮೊದಲು ಕುಡಿಯುವವನ ನಾಲಿಗೆಯನ್ನು ನೋಡುತ್ತಾನೆ, ನಾಡಿಯನ್ನು ಹಿಡಿಯುತ್ತಾನೆ; ಕಾಫಿಯ ವಿಚಾರ ಆಮೇಲಿನದು.

ಆ ಶಾಸ್ತ್ರಕ್ಕೆ ಕಾಫಿ ಹೊಸ ಅತಿಥಿ. ಲೀ ಷಿಝೆನ್ 1578ರಲ್ಲಿ ಬರೆದು ಮುಗಿಸಿದ, 1596ರಲ್ಲಿ ಅಚ್ಚಾದ ‘ಬೆನ್‌ತ್ಸಾವ್ ಗಾಂಗ್‌ಮು’ ಎಂಬ ಮಹಾನಿಘಂಟಿನಲ್ಲಿ 1,892 ದ್ರವ್ಯಗಳ ವಿವರಣೆಯುಂಟು. ಚಹಾ ಅಲ್ಲಿದೆ, ಕಾಫಿ ಇಲ್ಲ. ಆದರೆ ಹೊಸ ದ್ರವ್ಯವನ್ನು ಅಳೆಯುವ ಹಳೆಯ ಮಾನದಂಡ ಸಿದ್ಧವಾಗಿಯೇ ಇತ್ತು: ರುಚಿಗಳು ಐದು, ಶೀತ, ತಂಪು, ಬೆಚ್ಚು, ಉಷ್ಣವೆಂದು ಸ್ವಭಾವಗಳು ನಾಲ್ಕು. ಕಾಫಿಯ ರುಚಿ ಕಹಿ. ಸ್ವಭಾವ, ಈಗಿನ ಹಲವು ವೈದ್ಯರ ಮತದಲ್ಲಿ, ಬೆಚ್ಚು. ಕಹಿಯು ತೇವವನ್ನು ಒಣಗಿಸುವುದೆಂದು ಶಾಸ್ತ್ರ ಹೇಳುತ್ತದೆ.

ಸ್ಥೂಲತೆಯಾದರೋ ಈ ಮತದಲ್ಲಿ ಬಹುಮಟ್ಟಿಗೆ ತೇವದ ರೋಗವೇ. ಉಂಡ ಅನ್ನವನ್ನು ಸಾರವಾಗಿಸುವ ಶಕ್ತಿಯನ್ನು ಚೀನೀಯರು ಗುಲ್ಮಕ್ಕೆ ಒಪ್ಪಿಸಿದ್ದಾರೆ. ಆ ಶಕ್ತಿ ಕುಂದಿದಾಗ ತೇವವು ನಿಂತು, ಕಫವಾಗಿ, ಮೈಗೆ ಭಾರವಾಗುತ್ತದೆ. ಇಂಥ ಜಡದೇಹಿಗೆ ಒಂದು ಬಟ್ಟಲು ಕಾಫಿ ಹಿತವಾದೀತು. ನಿದ್ದೆಗೆಟ್ಟು, ಎದೆ ಡವಗುಟ್ಟುವ ಕೃಶದೇಹಿಗೋ, ಅದು ತಂಪನ್ನೂ ರಸವನ್ನೂ ಕಾಯುವ ‘ಯಿನ್’ ತತ್ತ್ವವನ್ನೇ ಹೀರುವುದು. ಊಟದ ಬದಲಿಗೆ ಕಾಫಿ ಕುಡಿಯುವವನಂತೂ ಗುಲ್ಮವನ್ನು ಮತ್ತಷ್ಟು ಬಳಲಿಸುತ್ತಾನೆ. ಹಾಲೂ ಸಿಹಿಯೂ ತೇವವರ್ಧಕಗಳೆಂಬುದು ಆ ಶಾಸ್ತ್ರದ ನಂಬುಗೆಯಾದ್ದರಿಂದ, ನಮ್ಮ ಮನೆಗಳ ಕಾಫಿಗೆ ಅಲ್ಲಿ ಹೊಗಳಿಕೆ ದೊರೆಯಲಾರದು!

ಆಧುನಿಕ ವಿಜ್ಞಾನದ ಭಾಷೆ ಬೇರೆ. ಕೆಫೀನು ದೇಹದ ಶಕ್ತಿವ್ಯಯವನ್ನು ತುಸು ಹೆಚ್ಚಿಸುವುದು ನಿಜ; ರೂಢಿಯಾದಂತೆ ಆ ಪರಿಣಾಮ ಕುಗ್ಗುವುದೂ ನಿಜ.

ವೈದ್ಯನ ವಿವೇಕವನ್ನು ಬಿಟ್ಟು ಮದ್ದನ್ನಷ್ಟೇ ಹಿಡಿದರೆ ಏನಾಗುವುದೆಂಬುದಕ್ಕೆ ಮಾಹುವಾಂಗ್ ಎಂಬ ಮೂಲಿಕೆ ಸಾಕ್ಷಿ. ಚಳಿ ಹಿಡಿದು ಬೆವರದ ಜ್ವರಕ್ಕೂ ಉಬ್ಬಸಕ್ಕೂ ಚೀನೀ ವೈದ್ಯರು ಅದನ್ನು ಅಳೆದು, ಬೇರೆ ಮೂಲಿಕೆಗಳೊಡನೆ ಕೊಡುತ್ತ ಬಂದಿದ್ದರು. 1990ರ ದಶಕದಲ್ಲಿ ಅಮೆರಿಕದ ವ್ಯಾಪಾರಿಗಳು ಅದರ ಸಾರಕ್ಕೆ ಕೆಫೀನು ಬೆರೆಸಿ, ಮೈಯಿಳಿಸುವ ಗುಳಿಗೆಯೆಂದು ಮಾರಿದರು. ತೂಕವೇನೋ ಕೆಲಮಟ್ಟಿಗೆ ಇಳಿಯಿತು. ಜತೆಗೆ ಹೃದಯಾಘಾತ, ಪಾರ್ಶ್ವವಾಯು, ಮರಣಗಳ ವರದಿಗಳೂ ಬಂದುವು. 2004ರಲ್ಲಿ ಅಲ್ಲಿನ ಸರಕಾರ ಅಂಥ ಗುಳಿಗೆಗಳನ್ನು ನಿಷೇಧಿಸಿತು. ರೋಗಿಯ ಮುಖವನ್ನೇ ನೋಡದೆ ಮದ್ದು ಮಾರಿದುದರ ಫಲವಿದು.

ಕಾಫಿ ಅಷ್ಟು ಉಗ್ರವಲ್ಲ. ಆದರೂ ಬಟ್ಟಲೆತ್ತುವ ಮೊದಲು ಆ ವೈದ್ಯನ ಪ್ರಶ್ನೆಯನ್ನು ನಾವೂ ಕೇಳಿಕೊಳ್ಳಬಹುದು: ಇಳಿಯಬೇಕಾದ ಭಾರ ಯಾವುದು, ಅದು ಬಂದುದು ಎಲ್ಲಿಂದ?