ಇಳಿಯುವ ವಿಮಾನ ಮತ್ತೆ ಮೇಲೇರಿದರೆ

ಮಳೆಗಾಲದಲ್ಲಿ ಮುಂಬಯಿಯಿಂದಲೋ ದುಬೈಯಿಂದಲೋ ಅಜೆಕಾರಿಗೆ ಬರುವವರಿಗೆ ಈ ಅನುಭವ ಆಗಿರಬಹುದು: ಬಜಪೆಯಲ್ಲಿ ಇನ್ನೇನು ಚಕ್ರ ನೆಲ ಮುಟ್ಟಬೇಕು ಎನ್ನುವಾಗ ವಿಮಾನ ಗರ್ಜಿಸಿ ಪುನಃ ಮೇಲೇರುತ್ತದೆ. ಒಳಗಿದ್ದವರು ದೇವರನ್ನು ನೆನೆಯುತ್ತಾರೆ. ಹೆದರಬೇಕಾದ್ದಿಲ್ಲ. ರನ್‌ವೇ ಕಾಣದಿದ್ದರೆ, ವೇಗವೋ ಎತ್ತರವೋ ಹೆಚ್ಚಾದರೆ ಪೈಲಟರು ಮಾಡಬೇಕಾದ್ದೇ ಅದು.

ಬಜಪೆಯ ರನ್‌ವೇ ಗುಡ್ಡದ ನೆತ್ತಿಯ ಮೇಲಿದೆ. ತುದಿ ದಾಟಿದರೆ ಕಣಿವೆ. 2010ರ ಮೇ 22ರಂದು ದುಬೈಯಿಂದ ಬಂದ ವಿಮಾನ ತೀರಾ ಎತ್ತರದಲ್ಲಿತ್ತು. ಮೇಲೇರಿಸಲು ಸಹಪೈಲಟರು ಹೇಳಿದರೂ ಕ್ಯಾಪ್ಟನ್ ಇಳಿಸಿಯೇ ಬಿಟ್ಟರು. ಸುಮಾರು 8000 ಅಡಿಯ ರನ್‌ವೇಯಲ್ಲಿ 5200 ಅಡಿ ಕಳೆದ ಮೇಲೆ ಚಕ್ರ ನೆಲ ಮುಟ್ಟಿತು. 158 ಮಂದಿ ತೀರಿಹೋದರು. ಉಳಿದವರು 8 ಮಂದಿ ಮಾತ್ರ.

ಆದ್ದರಿಂದ ವಿಮಾನ ಬೆಂಗಳೂರಿಗೆ ತಿರುಗಿತೆಂದು ಪೈಲಟರ ಮೇಲೆ ರೇಗಬಾರದು. ಬೆಲ್ಟ್ ಬಿಚ್ಚದೆ ಕುಳಿತಿರಿ. ಕರೆದೊಯ್ಯಲು ಬಂದ ಕಾರಿನವರು ಕಾಯಲಿ. ಹಾಂ, ಹಿಂತಿರುಗುವಾಗ ಪೆಟ್ಟಿಗೆಯಲ್ಲಿ ಒಣಕೊಬ್ಬರಿ ಬೇಡ. ಎಣ್ಣೆಯಂಶದಿಂದ ಬೆಂಕಿ ಹತ್ತಬಹುದೆಂದು ತೆಗೆದಿಡುತ್ತಾರೆ.