ಹಳೆಯ ಮನೆಗಳಲ್ಲಿ ಸೇರಿದ ತುಡುವೆ ಜೇನನ್ನು ಕೊಲ್ಲದೆ ತೆಗೆಯುವ ಕ್ರಮ

ಹೊರನಾಡು, ಕಳಸ, ಮೂಡಿಗೆರೆ ಪ್ರಾಂತದ ಹಳೆಯ ಮನೆಗಳಿಗೆ ಮಣ್ಣಿನ ದಪ್ಪ ಗೋಡೆಯೂ ಮರದ ಮುಚ್ಚಿಗೆಯೂ ಕತ್ತಲೆಯ ಅಟ್ಟವೂ ಇರುವುದು ಸಾಮಾನ್ಯ. ಗೋಡೆಯ ಬಿರುಕು, ತೊಲೆಯ ಸಂದು, ಉಪಯೋಗ ತಪ್ಪಿದ ಪತ್ತಾಯ, ಇವು ತುಡುವೆ ಜೇನಿಗೆ ಮರದ ಪೊಟರೆಗೆ ಸಮನಾದ ಸ್ಥಳಗಳು. ಆದಕಾರಣ ಹಿಂಡುಗಳು ಬಂದು ಇಲ್ಲಿ ನೆಲೆಸುತ್ತವೆ. ಮನೆಯವರು ಕೆಲವು ಕಾಲ ಸುಮ್ಮನಿದ್ದು, ಮಕ್ಕಳಿಗೋ ದನಕರುಗಳಿಗೋ ಕಡಿದ ದಿನ ಪಂಜನ್ನೂ ಸೀಮೆಎಣ್ಣೆಯನ್ನೂ ಕೈಗೆ ತೆಗೆದುಕೊಳ್ಳುತ್ತಾರೆ. ಜೇನನ್ನು ಕೊಲ್ಲುವುದರಿಂದ ತೊಂದರೆಯು ತೀರುವುದಿಲ್ಲ. ಕುಟುಂಬವನ್ನು ಎರಿಗಳ ಸಹಿತವಾಗಿ ಪೆಟ್ಟಿಗೆಗೆ ಸಾಗಿಸಿ, ಗೋಡೆಯ ಪೊಳ್ಳನ್ನು ಮುಚ್ಚಿದರೆ ಮಾತ್ರ ತೀರುತ್ತದೆ. ಇದೇ ಈ ಕರಪತ್ರದ ಸಾರಾಂಶ.

ಕೊಲ್ಲುವುದರಿಂದ ಆಗುವ ನಷ್ಟ

ಮೊದಲನೆಯದಾಗಿ, ನೊಣಗಳು ಸತ್ತರೂ ಎರಿಗಳು ಗೋಡೆಯೊಳಗೇ ಉಳಿಯುತ್ತವೆ. ಕಾಯುವ ನೊಣಗಳಿಲ್ಲದ ಎರಿಗೆ ಮೇಣದ ಪತಂಗದ ಹುಳುವೂ ಇರುವೆಯೂ ಹತ್ತುತ್ತವೆ. ಮರಿಗಳು ಕೊಳೆತು ನಾರುತ್ತವೆ. ತುಪ್ಪವು ಸೋರಿ ಗೋಡೆಯು ಕರೆಗಟ್ಟುತ್ತದೆ. ಹಳೆಯ ಮೇಣದ ವಾಸನೆಯನ್ನು ಹಿಡಿದು ಬೇರೊಂದು ಹಿಂಡು ಅದೇ ಬಿರುಕಿಗೆ ಬರುತ್ತದೆ.

ಎರಡನೆಯದಾಗಿ, ವಿಷವನ್ನು ಹೊಡೆದ ಗೂಡಿನ ತುಪ್ಪವನ್ನು ನೆರೆಯ ಕುಟುಂಬಗಳ ನೊಣಗಳು ಬಂದು ಕದ್ದೊಯ್ಯುತ್ತವೆ. ಒಂದು ಮನೆಯಲ್ಲಿ ಹಾಕಿದ ವಿಷವು ಹೀಗೆ ಪಕ್ಕದ ತೋಟದ ಪೆಟ್ಟಿಗೆಗಳನ್ನೂ ಹಾಳುಮಾಡುತ್ತದೆ. ಆ ತುಪ್ಪವು ಮನುಷ್ಯರಿಗೂ ಯೋಗ್ಯವಲ್ಲ. ಮೂರನೆಯದಾಗಿ, ಒಣಗಿದ ಮರದ ಮುಚ್ಚಿಗೆಯ ಕೆಳಗೆ ಬೆಂಕಿಯನ್ನು ಹಿಡಿಯುವುದು ಮನೆಯನ್ನೇ ಅಪಾಯಕ್ಕೆ ಒಡ್ಡಿದಂತೆ. ಮೇಣವೂ ಚೆನ್ನಾಗಿ ಉರಿಯುವ ವಸ್ತುವೆಂಬುದನ್ನು ಮರೆಯಬಾರದು.

ನಾಲ್ಕನೆಯದು ತೋಟದ ನಷ್ಟ. ರೊಬಸ್ಟಾ ಕಾಫಿಯ ಹೂವು ತನ್ನ ಗಿಡದ ಪರಾಗದಿಂದಲೇ ಕಾಯಿ ಕಟ್ಟಲಾರದು. ಬೇರೆ ಗಿಡದ ಪರಾಗವನ್ನು ಗಾಳಿಯೋ ಜೇನೋ ತರಬೇಕು. ಹೂಮಳೆ ಬಿದ್ದು ಅರಳಿದ ಹೂವು ಎರಡು ಮೂರು ದಿನಗಳಲ್ಲಿ ಬಾಡುವುದರಿಂದ ಆ ವೇಳೆಗೆ ತೋಟದಲ್ಲಿ ಜೇನು ಇರುವುದು ಲಾಭಕರ. ಏಲಕ್ಕಿಯಂತೂ ನೊಣವು ಒಳಹೊಕ್ಕು ಪರಾಗವನ್ನು ಸಾಗಿಸದಿದ್ದರೆ ಬಹಳ ಕಡಿಮೆ ಕಾಯಿ ಕಟ್ಟುತ್ತದೆ. ಇದಲ್ಲದೆ, 1991-92ರ ಸುಮಾರಿಗೆ ದಕ್ಷಿಣ ದೇಶದಲ್ಲೆಲ್ಲಾ ಹಬ್ಬಿದ ಥಾಯ್ ಸ್ಯಾಕ್‌ಬ್ರೂಡ್ ಎಂಬ ಮರಿರೋಗದಿಂದ ತುಡುವೆ ಕುಟುಂಬಗಳಲ್ಲಿ ಬಹುಪಾಲು ನಾಶವಾದವು. ಈಗ ಇರತಕ್ಕವು ಆಗ ಉಳಿದುಕೊಂಡ ಕೆಲವೇ ಕುಟುಂಬಗಳ ಸಂತತಿ. ಯಾರ ಆರೈಕೆಯೂ ಇಲ್ಲದೆ ಗೋಡೆಯಲ್ಲಿ ಬಾಳುತ್ತಿರುವ ಕುಟುಂಬವನ್ನು ಸುಟ್ಟುಹಾಕುವುದು ಒಳ್ಳೆಯ ಬಿತ್ತನೆಬೀಜವನ್ನು ಒಲೆಗೆ ಹಾಕಿದಂತೆಯೇ ಸರಿ.

ಮೊದಲು ಜಾತಿಯನ್ನು ಗುರುತಿಸತಕ್ಕದ್ದು

ಸೂರಿನ ಅಂಚಿನಲ್ಲೋ ಎತ್ತರದ ಮರದಲ್ಲೋ ಬಯಲಿಗೆ ತೂಗುವ ಒಂದೇ ದೊಡ್ಡ ಎರಿಯು ಹೆಜ್ಜೇನಿನದು. ಅದನ್ನು ಪೆಟ್ಟಿಗೆಯಲ್ಲಿ ಸಾಕಲಾಗುವುದಿಲ್ಲ; ಕೆಣಕಿದರೆ ಪ್ರಾಣಾಪಾಯ. ಅದು ಋತು ಕಳೆದ ಮೇಲೆ ತಾನೇ ಎದ್ದು ಹೋಗುವುದರಿಂದ, ಅಲ್ಲಿಯವರೆಗೆ ಹೊಗೆ, ದೀಪ, ಗದ್ದಲಗಳಿಲ್ಲದಂತೆ ದೂರವಿರುವುದೇ ವಿವೇಕ. ಕತ್ತಲೆಯ ಪೊಳ್ಳಿನಲ್ಲಿ ಒಂದರ ಪಕ್ಕದಲ್ಲೊಂದಾಗಿ ಹಲವು ಎರಿಗಳನ್ನು ಕಟ್ಟುವುದು ತುಡುವೆ. ಕೆಳಗಿನ ಕ್ರಮವು ಇದಕ್ಕೆ ಮಾತ್ರ ಅನ್ವಯಿಸುತ್ತದೆ. ತುಡುವೆಯೂ ಜನರ ಓಡಾಟವಿಲ್ಲದ ಮೂಲೆಯಲ್ಲಿದ್ದರೆ ತೆಗೆಯಲೇಬೇಕೆಂಬ ನಿಯಮವಿಲ್ಲ.

ಕಾಲ ಮತ್ತು ಸಾಮಾನುಗಳು

ಜಡಿಮಳೆಯ ತಿಂಗಳುಗಳಲ್ಲಿ ಈ ಕೆಲಸವನ್ನು ಮಾಡಬಾರದು. ಆಗ ಆಹಾರವಿಲ್ಲದೆ ಕುಟುಂಬವು ಸೊರಗಿರುತ್ತದೆ. ಮಳೆಗಾಲ ಮುಗಿದು ಹೂವು ದೊರೆಯುವ ಕಾಲದಲ್ಲಿ, ಗಾಳಿಮಳೆಯಿಲ್ಲದ ದಿನ, ಇಳಿಹೊತ್ತು ನಾಲ್ಕು ಗಂಟೆಯ ಮೇಲೆ ಪ್ರಾರಂಭಿಸುವುದು ಉತ್ತಮ.

ತುಡುವೆಗೆ ಅನುಕೂಲವಾದ ಚಿಕ್ಕ ಪೆಟ್ಟಿಗೆಯನ್ನು 1911ರಿಂದ 1917ರ ಅವಧಿಯಲ್ಲಿ ತಿರುಚಿನಾಪಳ್ಳಿಯ ಕಡೆ ಪಾದ್ರಿ ನ್ಯೂಟನ್ನರು ರೂಢಿಗೆ ತಂದರು. ಇಂದಿಗೂ ಅದಕ್ಕೆ ಅವರದೇ ಹೆಸರು. ಅಂತಹ ಪೆಟ್ಟಿಗೆ, ಅದರ ಚೌಕಟ್ಟುಗಳು, ನೆನೆಸಿದ ಬಾಳೆನಾರು, ಹರಿತವಾದ ಚೂರಿ, ಉಳಿ, ಒಂದು ಪಾತ್ರೆ ನೀರು, ಮುಖಕ್ಕೆ ಬಲೆಬಟ್ಟೆ, ಹೊಗೆಗೆ ಒಣಗಿದ ತೆಂಗಿನ ನಾರು, ಇಷ್ಟು ಸಾಕು. ಹತ್ತಿರದ ದನಗಳನ್ನು ಬಿಚ್ಚಿ ದೂರಕ್ಕೆ ಹೊಡೆಯಬೇಕು. ಕಟ್ಟಿದ ದನವು ಓಡಲಾರದು. ಜೇನು ಕಡಿದರೆ ಉಸಿರು ಕಟ್ಟುವ, ಮೈಯೆಲ್ಲ ದದ್ದೇಳುವ ಸ್ವಭಾವವುಳ್ಳವರು ಸಮೀಪದಲ್ಲಿರಕೂಡದು. ಅಂತಹ ಲಕ್ಷಣ ಯಾರಿಗೆ ಕಂಡರೂ ಕೂಡಲೇ ಆಸ್ಪತ್ರೆಗೆ ಒಯ್ಯತಕ್ಕದ್ದು.

ತೆಗೆಯುವ ಕ್ರಮ

1. ಹಿಂದಿನ ದಿನವೇ ಗೋಡೆಗೆ ಕಿವಿಯಿಟ್ಟು, ಮೆಲ್ಲನೆ ತಟ್ಟಿ, ಎರಿಗಳು ಎಲ್ಲಿಂದ ಎಲ್ಲಿಯವರೆಗೆ ಇವೆಯೆಂದು ಗುರುತುಹಾಕಿಕೊಳ್ಳಬೇಕು.

2. ಬಾಗಿಲಲ್ಲಿ ಎರಡು ಮೂರು ಸಲ ಮಾತ್ರ ಹೊಗೆ ಬಿಡಬೇಕು. ಹೊಗೆ ಅತಿಯಾದರೆ ರಾಣಿಯು ಓಡಿ ದೂರದ ಸಂದಿನಲ್ಲಿ ಅಡಗುತ್ತದೆ.

3. ಉಳಿಯಿಂದ ಮಣ್ಣನ್ನು ಸ್ವಲ್ಪಸ್ವಲ್ಪವಾಗಿ ಬಿಡಿಸಿ ಎರಿಗಳನ್ನು ಒಂದೊಂದಾಗಿ ಕೊಯ್ಯಬೇಕು. ತುಪ್ಪ ತುಂಬಿದ ಭಾಗವನ್ನು ಬೇರ್ಪಡಿಸಿ ಮುಚ್ಚಳವಿರುವ ಪಾತ್ರೆಯಲ್ಲಿಡಬೇಕು; ಚೆಲ್ಲಿದರೆ ಕಳ್ಳನೊಣಗಳೂ ಇರುವೆಗಳೂ ಮುತ್ತುತ್ತವೆ.

4. ಮರಿಗಳಿರುವ ಎರಿಯನ್ನು ಚೌಕಟ್ಟಿನ ಅಳತೆಗೆ ಕತ್ತರಿಸಿ, ಗೂಡಿನಲ್ಲಿ ಮೇಲಿದ್ದ ಅಂಚು ಚೌಕಟ್ಟಿನಲ್ಲೂ ಮೇಲೇ ಬರುವಂತೆ ಬಾಳೆನಾರಿನಿಂದ ಕಟ್ಟಬೇಕು. ಎರಿ ಅಂಟಿಕೊಂಡ ಮೇಲೆ ನಾರನ್ನು ನೊಣಗಳೇ ಕಡಿದುಹಾಕುತ್ತವೆ. ಮರಿಗಳು ಉಬ್ಬಿ, ತುದಿಯಲ್ಲಿ ನೀರು ತುಂಬಿದ ಚೀಲದಂತೆ ಸತ್ತಿರುವುದು ಕಂಡರೆ ಅದು ಮೇಲೆ ಹೇಳಿದ ರೋಗ. ಆ ಕುಟುಂಬವನ್ನು ಬೇರೆ ಪೆಟ್ಟಿಗೆಗಳ ಹತ್ತಿರ ಒಯ್ಯಬಾರದು.

5. ಉಳಿದ ನೊಣಗಳನ್ನು ಬೊಗಸೆಯಿಂದಲೋ ಚಿಪ್ಪಿನಿಂದಲೋ ಮೃದುವಾಗಿ ತೆಗೆದು ಪೆಟ್ಟಿಗೆಗೆ ಹಾಕಬೇಕು. ಉದ್ದನೆಯ ಹೊಟ್ಟೆಯೂ ಗಿಡ್ಡ ರೆಕ್ಕೆಯೂ ಉಳ್ಳ ರಾಣಿಯು ಒಳಗೆ ಸೇರಿದರೆ ನೊಣಗಳು ಬಾಗಿಲಲ್ಲಿ ಹಿಂಭಾಗವನ್ನೆತ್ತಿ ರೆಕ್ಕೆ ಬೀಸುತ್ತವೆ. ಹೊರಗಿರುವವು ಸಾಲುಗಟ್ಟಿ ಒಳಗೆ ನಡೆಯುತ್ತವೆ. ಕೆಲಸವು ಸಫಲವಾಯಿತೆಂಬುದಕ್ಕೆ ಇದೇ ಗುರುತು.

6. ಪೆಟ್ಟಿಗೆಯ ಬಾಗಿಲು ಹಳೆಯ ಬಿರುಕಿನ ಬಳಿಯಲ್ಲೇ ಇರುವಂತೆ ಕತ್ತಲಾಗುವವರೆಗೆ ಬಿಡಬೇಕು. ರಾಣಿಯು ಹಾರಿಹೋಗದಂತೆ ಬಾಗಿಲಿಗೆ ರಾಣಿತಡೆಯನ್ನು ಕೆಲವು ದಿನ ಹಾಕಬಹುದು. ವಾರಕ್ಕಿಂತ ಹೆಚ್ಚು ಇಡಬಾರದು. ನಾಲ್ಕಾರು ದಿನ ರಾತ್ರಿ ಹೊತ್ತಿನಲ್ಲಿ ಸಮಪಾಲು ನೀರು ಬೆರೆಸಿದ ಸಕ್ಕರೆಪಾಕವನ್ನು ಒಳಗಿಟ್ಟರೆ ಕುಟುಂಬವು ನೆಲೆನಿಲ್ಲುತ್ತದೆ. ಪೆಟ್ಟಿಗೆಯ ಕಾಲುಗಳ ಕೆಳಗೆ ನೀರಿನ ಬಟ್ಟಲುಗಳನ್ನಿಟ್ಟು ಇರುವೆಯನ್ನು ತಡೆಯಬೇಕು.

ಪೆಟ್ಟಿಗೆಯನ್ನು ಸಾಗಿಸುವುದರಲ್ಲಿ ಎಚ್ಚರಿಕೆ

ಈ ವಿಷಯದಲ್ಲಿ ನಾನೇ ಒಮ್ಮೆ ತಪ್ಪಿದ್ದೇನೆ. ಹೊರನಾಡಿನ ಸಮೀಪದ ಒಂದು ಮನೆಯಲ್ಲಿ ಪತ್ತಾಯದ ಹಿಂದಿನ ಗೋಡೆಯಿಂದ ಕುಟುಂಬವನ್ನು ಚೆನ್ನಾಗಿಯೇ ತೆಗೆದು, ರಾತ್ರಿಯೇ ಐವತ್ತು ಮಾರು ದೂರದ ಅಡಿಕೆ ತೋಟದಲ್ಲಿ ಪೆಟ್ಟಿಗೆಯನ್ನಿಟ್ಟೆನು. ಬೆಳಿಗ್ಗೆ ಮೇಯಲು ಹೊರಟ ನೊಣಗಳೆಲ್ಲ ಹಿಂದಿರುಗಿದ್ದು ಹಳೆಯ ಗೋಡೆಗೆ; ಅಲ್ಲಿ ಗೊಂಚಲಾಗಿ ಕುಳಿತವು. ಪೆಟ್ಟಿಗೆಯಲ್ಲಿ ಮರಿಗಳನ್ನು ಕಾಯುವಷ್ಟು ನೊಣಗಳೂ ಉಳಿಯಲಿಲ್ಲ. "ಸ್ವಾಮೀ, ಮನೆ ಬದಲಾದದ್ದು ಅವಕ್ಕೆ ಗೊತ್ತಾಗಲಿಲ್ಲವಲ್ಲ" ಎಂದು ಮನೆಯ ಅಜ್ಜಿಯವರು ಹೇಳಿದ ಮಾತೇ ನಿಜವಾಗಿತ್ತು. ಮಧ್ಯಾಹ್ನ ಪೆಟ್ಟಿಗೆಯನ್ನು ಗೋಡೆಯ ಬಳಿಗೆ ತಂದ ಮೇಲೆ ಅವು ಒಳಸೇರಿದವು. ಆದರೆ ಅಷ್ಟರಲ್ಲಿ ಒಂದು ಎರಿಯ ಮರಿಗಳು ಕೆಟ್ಟಿದ್ದವು.

ನೊಣವು ಗೂಡಿನ ಸ್ಥಳವನ್ನು ನೆನಪಿಟ್ಟುಕೊಳ್ಳುತ್ತದೆಯೇ ಹೊರತು ಪೆಟ್ಟಿಗೆಯನ್ನಲ್ಲ. ಆದಕಾರಣ ದಿನಕ್ಕೆ ಒಂದೆರಡು ಅಡಿಯಂತೆ ಮೆಲ್ಲಮೆಲ್ಲನೆ ಸರಿಸಬೇಕು. ಇಲ್ಲವೆ ಒಂದೇ ರಾತ್ರಿ ಎರಡು ಮೈಲಿಗೆ ಮೇಲ್ಪಟ್ಟ ದೂರಕ್ಕೆ ಒಯ್ದು ಎರಡು ಮೂರು ವಾರಗಳಾದ ಮೇಲೆ ತೋಟಕ್ಕೆ ತರಬೇಕು.

ಗೋಡೆಯನ್ನು ಮುಚ್ಚುವುದು

ಇದನ್ನು ಬಿಟ್ಟರೆ ಹಿಂದಿನ ಶ್ರಮವೆಲ್ಲ ವ್ಯರ್ಥ. ಪೊಳ್ಳಿನೊಳಗಿನ ಮೇಣವನ್ನು ಪೂರ್ತಿ ಕೆರೆದು, ಬಿಸಿನೀರಿನಿಂದ ಒರಸಿ, ಸುಣ್ಣ ಬಳಿಯಬೇಕು. ಆಮೇಲೆ ಪೊಳ್ಳನ್ನು ಕಲ್ಲುಮಣ್ಣಿನಿಂದ ಗಟ್ಟಿಯಾಗಿ ತುಂಬಿ ಗಿಲಾವು ಮಾಡಬೇಕು. ಕಾಲು ಅಂಗುಲದ ಬಿರುಕಿದ್ದರೂ ತುಡುವೆಯು ನುಗ್ಗಬಲ್ಲದು. ಮಳೆಗಾಲಕ್ಕೆ ಮುಂಚೆ ಮನೆಯನ್ನು ರಿಪೇರಿ ಮಾಡುವಾಗಲೇ ಇಂತಹ ಸಂದುಗಳನ್ನು ಹುಡುಕಿ ಮುಚ್ಚಿದರೆ ಜೇನು ಬಂದು ಸೇರುವ ಸಂಭವವೇ ಕಡಿಮೆಯಾಗುತ್ತದೆ.

ಗ್ರಾಮದ ಮುಖಂಡರಲ್ಲಿ ವಿಜ್ಞಾಪನೆ

ಪ್ರತಿಯೊಂದು ಗ್ರಾಮದಲ್ಲಿಯೂ ಈ ಕೆಲಸವನ್ನು ಬಲ್ಲ ಇಬ್ಬರು ಮೂವರಿದ್ದರೆ ಸಾಕು. ಅಂತಹ ತರುಣರನ್ನು ಗೊತ್ತುಮಾಡಿ, ಪೆಟ್ಟಿಗೆ ಮತ್ತು ತರಬೇತಿಯ ವಿಷಯವಾಗಿ ತಾಲ್ಲೂಕಿನ ತೋಟಗಾರಿಕೆ ಇಲಾಖೆಯ ಕಚೇರಿಯಲ್ಲಿ ವಿಚಾರಿಸಬೇಕೆಂದು ಮುಖಂಡರಲ್ಲಿ ಪ್ರಾರ್ಥನೆ. ಯಾರ ಮನೆಯಲ್ಲಿಯಾದರೂ ಜೇನು ಸೇರಿತೆಂಬ ಸುದ್ದಿ ಬಂದ ದಿನ, ಪಂಜು ಹೊತ್ತುವ ಮೊದಲು ಇವರು ಅಲ್ಲಿಗೆ ಹೋಗುವಂತಾದರೆ, ಆ ಮನೆಗೆ ನೆಮ್ಮದಿಯೂ ತೋಟಕ್ಕೆ ಒಂದು ಕುಟುಂಬವೂ ದೊರೆಯುವುದರಲ್ಲಿ ಸಂದೇಹವಿಲ್ಲ.