ಮಕ್ಕಳ ಎ.ಟಿ.ವಿ.: ‘ಸ್ವಲ್ಪ ದೊಡ್ಡದೇ ಇರಲಿ’ ಎನ್ನುವ ಮುನ್ನ

ಬೇಸಿಗೆಯ ರಜೆ ಸಮೀಪಿಸಿತೆಂದರೆ ಮುಂಬಯಿ, ಪುಣೆಗಳ ಕನ್ನಡಿಗರ ಮನೆಗಳಲ್ಲಿ ಊರಿನ ಪ್ರಯಾಣದ ಮಾತು ಆರಂಭವಾಗುತ್ತದೆ. ಮಕ್ಕಳಿಗೆ ಊರೆಂದರೆ ಒಂದು ಕಾಲಕ್ಕೆ ಮಾವಿನ ಮರ, ಹೊಳೆ, ಕೊಟ್ಟಿಗೆಯ ಕರು. ಈಗ ಆ ಪಟ್ಟಿಗೆ ಮತ್ತೊಂದು ಆಸೆ ಸೇರಿಕೊಂಡಿದೆ. ಲೋಣಾವಳದ ಕಡೆಯ ವಿಹಾರಧಾಮಗಳಲ್ಲಿ ಬಾಡಿಗೆಗೆ ದೊರೆಯುವ, ಉಬ್ಬಿದ ಟೈರುಗಳ ನಾಲ್ಕು ಚಕ್ರದ ಎ.ಟಿ.ವಿ.ಯನ್ನು ಒಮ್ಮೆ ಕಂಡ ಮಗು ಅದನ್ನು ಮರೆಯುವುದಿಲ್ಲ. ನಗರದ ಮೂರು ಕೋಣೆಯ ಮನೆಯಲ್ಲಿ ಅದಕ್ಕೆ ಸ್ಥಳವಿಲ್ಲದಿದ್ದರೇನಂತೆ, ಅಜ್ಜನ ಮನೆಯ ತೋಟವಿಲ್ಲವೆ?

ಚೆಂಬೂರಿನ ಒಂದು ಕುಟುಂಬದಲ್ಲಿ ನಡೆದದ್ದೂ ಇದೇ. ಮಗನಿಗೆ ಆರೂವರೆ ವರ್ಷ, ತೂಕ 20 ಕಿಲೋ. ಕೊಪ್ಪದ ಬಳಿ ದೊಡ್ಡಪ್ಪನ ಅಡಿಕೆ ತೋಟವಿದೆ. ವರ್ಷಾಂತ್ಯದ ಬೋನಸ್ಸಿನ ಹಣ ಕೈಯಲ್ಲಿತ್ತು. ಅಂಗಡಿಗೆ ಹೋದ ತಂದೆಗೆ ಮಾರಾಟಗಾರ ಎರಡು ಗಾಡಿಗಳನ್ನು ತೋರಿಸಿ, ದೊಡ್ಡದರ ಮೇಲೆ ಕೈಯಿಟ್ಟು ಹೇಳಿದ: “ಹುಡುಗ ಬೆಳೆಯುವವನು, ಇದನ್ನೇ ಒಯ್ಯಿರಿ, ನಾಲ್ಕು ವರ್ಷ ಚಿಂತೆಯಿಲ್ಲ.”

ಈ ಮಾತು ಮಧ್ಯಮವರ್ಗದ ಕಿವಿಗೆ ಎಷ್ಟು ಹಿತ! ಶಾಲೆಯ ಸಮವಸ್ತ್ರವನ್ನು ಒಂದಳತೆ ದೊಡ್ಡದಾಗಿ ಹೊಲಿಸಿ ಅಂಚು ಮಡಿಸುವವರು, ಬೂಟಿನ ತುದಿಗೆ ಹತ್ತಿ ತುರುಕುವವರು ಎಲ್ಲರೂ ಇದೇ ಲೆಕ್ಕದವರೇ. ಅಂಗಿಯ ವಿಷಯದಲ್ಲಿ ಅದು ಮಿತವ್ಯಯ. ಯಂತ್ರದ ವಿಷಯದಲ್ಲಿ ಅದೇ ಲೆಕ್ಕ ಅಪಾಯವಾಗುತ್ತದೆ.

ಕಾರಣವನ್ನು ಯಂತ್ರದ ರಚನೆಯಲ್ಲಿಯೇ ಕಾಣಬಹುದು. ಆರು ವರ್ಷದವರಿಗೆಂದೇ ತಯಾರಾಗುವ 50 ಸಿ.ಸಿ. ದರ್ಜೆಯ ಪೆಟ್ರೋಲ್ ಗಾಡಿಯೂ ಸುಮಾರು ನೂರು ಕಿಲೋ ತೂಗುವುದುಂಟು. 20 ಕಿಲೋದ ಬಾಲಕನಿಗೆ ಅದು ಐದು ಪಟ್ಟು. ಇಂಥ ಗಾಡಿಗಳಲ್ಲಿ ಸಾಮಾನ್ಯವಾಗಿ ಹಿಂದಿನ ಎರಡೂ ಚಕ್ರಗಳು ಒಂದೇ ಅಖಂಡ ಅಚ್ಚಿಗೆ ಬಿಗಿದಿರುತ್ತವೆ. ಕಾರಿನಂತೆ ತಿರುವಿನಲ್ಲಿ ಒಂದು ಹೆಚ್ಚು, ಒಂದು ಕಡಿಮೆ ತಿರುಗುವುದಿಲ್ಲ. ಆದುದರಿಂದ ಹ್ಯಾಂಡಲ್ ತಿರುಗಿಸಿದರೆ ಮಾತ್ರ ಸಾಲದು, ಸವಾರನು ತನ್ನ ದೇಹದ ಭಾರವನ್ನು ತಿರುವಿನ ಒಳಬದಿಗೆ ಸರಿಸಬೇಕು. ಭಾರವೇ ಇಲ್ಲದವನು ಏನನ್ನು ಸರಿಸಿಯಾನು? ಇಳಿಜಾರಿನಲ್ಲಿ ಗಾಡಿ ಮಗುಚಿದರೆ ಮಗು ಅದರ ಕೆಳಗೆ ಸಿಕ್ಕಿಕೊಳ್ಳುತ್ತದೆ. ತಲೆ, ಎದೆ, ಹೊಟ್ಟೆಗಳಿಗೆ ಆಗುವ ಪೆಟ್ಟು ಸೈಕಲಿನಿಂದ ಬಿದ್ದು ಮೊಣಕಾಲು ತರಚಿಕೊಂಡಂಥದ್ದಲ್ಲ.

ಅಮೆರಿಕೆಯು ಈ ಪಾಠವನ್ನು ದುಬಾರಿ ಬೆಲೆ ತೆತ್ತು ಕಲಿಯಿತು. 1970ರಲ್ಲಿ ಹೋಂಡಾ ಕಂಪನಿ ಅಲ್ಲಿ ಮಾರಾಟಕ್ಕಿಳಿಸಿದ ಗಾಡಿಗೆ ಮೂರೇ ಚಕ್ರ. ಅಪಘಾತಗಳು ಹೆಚ್ಚಿ, 1988ರಲ್ಲಿ ನ್ಯಾಯಾಲಯದ ಮುಂದಿನ ಒಪ್ಪಂದದ ಮೇರೆಗೆ ತಯಾರಕರು ಹೊಸ ಮೂರು ಚಕ್ರದ ಗಾಡಿಗಳ ಮಾರಾಟವನ್ನು ನಿಲ್ಲಿಸಬೇಕಾಯಿತು. ಮಕ್ಕಳ ಗಾಡಿಯ ಎಂಜಿನ್ನಿಗೂ ಆಗ ಮಿತಿ ಬಂತು. ಮುಂದೆ ಎಂಜಿನ್ನಿನ ಗಾತ್ರದ ಬದಲು ವೇಗವೇ ಅಳತೆಗೋಲಾಯಿತು. ಈಗ ಅಲ್ಲಿ ಆರು, ಹತ್ತು, ಹನ್ನೆರಡು ವರ್ಷ ದಾಟಿದವರಿಗೆ ಬೇರೆಬೇರೆ ವರ್ಗಗಳಿವೆ. ಆರರ ವರ್ಗದ ಗಾಡಿಯ ಪರಮಾವಧಿ ವೇಗ ಗಂಟೆಗೆ 15 ಮೈಲಿ, ಅಂದರೆ ಸುಮಾರು 24 ಕಿ.ಮೀ.; ವೇಗ ನಿಯಂತ್ರಕ ಬಿಗಿದಾಗ 10 ಮೈಲಿ. ಆದರೆ ಅದೇ ದೇಶದ ಮಕ್ಕಳ ವೈದ್ಯರ ಅಕಾಡೆಮಿಯು ಹದಿನಾರು ವರ್ಷದೊಳಗಿನವರು ಎ.ಟಿ.ವಿ. ಏರಲೇಬಾರದೆಂದು ಸಾರುತ್ತದೆ. ತಯಾರಕರು ಆರು ಎನ್ನುತ್ತಾರೆ, ವೈದ್ಯರು ಹದಿನಾರು ಎನ್ನುತ್ತಾರೆ. ಮಾರಾಟದಲ್ಲಿ ಲಾಭವಿಲ್ಲದವರ ಮಾತಿಗೆ ತೂಕ ಹೆಚ್ಚೆಂಬುದು ಸಾಲದ ಅರ್ಜಿಗಳನ್ನು ಪರಿಶೀಲಿಸುವ ಯಾರಿಗಾದರೂ ತಿಳಿದ ಸಂಗತಿ.

ಇಷ್ಟಾಗಿಯೂ ಕೊಳ್ಳುವುದೆಂದು ನಿರ್ಧರಿಸಿದ ಪಾಲಕರು, ಗಾಡಿಯ ಬಣ್ಣ ನೋಡುವ ಮೊದಲು ಮಗುವನ್ನು ಅದರ ಮೇಲೆ ನಿಲ್ಲಿಸಿ ನೋಡಬೇಕು. ಪಾದದ ಆಸರೆಗಳ ಮೇಲೆ ನೆಟ್ಟಗೆ ನಿಂತಾಗ ಮಗುವಿಗೂ ಆಸನಕ್ಕೂ ನಡುವೆ ಕನಿಷ್ಠ ಮೂರು ಅಂಗುಲದ ಅಂತರವಿರಬೇಕು. ಇಲ್ಲವಾದರೆ ಹಳ್ಳ ದಿಣ್ಣೆಯಲ್ಲಿ ಎದ್ದು ನಿಂತು ಕುಲುಕಾಟವನ್ನು ಕಾಲಲ್ಲಿ ತಾಳಿಕೊಳ್ಳಲಾರದು. ಕುಳಿತಾಗ ತೊಡೆಗಳು ಹೆಚ್ಚುಕಡಮೆ ನೆಲಕ್ಕೆ ಸಮಾನಾಂತರವಾಗಿರಬೇಕು. ಹ್ಯಾಂಡಲನ್ನು ಪೂರ್ತಿ ಎಡಕ್ಕೂ ಪೂರ್ತಿ ಬಲಕ್ಕೂ ತಿರುಗಿಸಿದಾಗ ಮೈ ಚಾಚದೆ ಹಿಡಿತ ಉಳಿಯಬೇಕು. ಎಲ್ಲಕ್ಕಿಂತ ಮುಖ್ಯವಾದುದು ಬ್ರೇಕು. ಹಿಡಿಯ ಮೇಲೆ ಕೈಯಿಟ್ಟು ಬೆರಳು ಚಾಚಿದಾಗ ನಡುಬೆರಳಿನ ತುದಿಯ ಗಿಣ್ಣು ಬ್ರೇಕಿನ ಸನ್ನೆಯನ್ನು ದಾಟಿರಬೇಕು. ಚೆಂಬೂರಿನ ಬಾಲಕ ಚಿಕ್ಕ ಗಾಡಿಯ ಮೇಲೆ ನಿಂತ, ಕುಳಿತ, ಹ್ಯಾಂಡಲನ್ನೂ ತಿರುಗಿಸಿದ. ಬ್ರೇಕಿಗೆ ಮಾತ್ರ ಬೆರಳ ತುದಿಯಷ್ಟೇ ಮುಟ್ಟಿತು. ದೊಡ್ಡ ಗಾಡಿಯಲ್ಲಿ ಅದೂ ಇಲ್ಲ.

ಬಾಳಿಕೆಯ ಮಾತಿಗೆ ಬಂದರೆ, ಹೊರಗಿನ ಪ್ಲಾಸ್ಟಿಕ್ ಕವಚದ ಹೊಳಪು ಏನನ್ನೂ ಹೇಳುವುದಿಲ್ಲ. ಬಗ್ಗಿ ನೋಡಬೇಕು. ಚೌಕಟ್ಟು ಉಕ್ಕಿನ ಕೊಳವೆಯದೆ, ಬೆಸುಗೆ ಅಖಂಡವಾಗಿದೆಯೆ, ಚೈನಿಗೆ ಮುಚ್ಚಳವಿದೆಯೆ? ವೇಗ ನಿಯಂತ್ರಿಸುವ ಸ್ಕ್ರೂ ಮಗುವಿನ ಕೈಗೆ ಸುಲಭವಾಗಿ ಸಿಗದಂತಿರಬೇಕು. ಸವಾರನ ಮಣಿಕಟ್ಟಿಗೆ ಕಟ್ಟುವ ದಾರವೊಂದಿದ್ದು, ಆತ ಬಿದ್ದೊಡನೆ ಎಂಜಿನ್ ನಿಲ್ಲುವ ವ್ಯವಸ್ಥೆ ಇದ್ದರೆ ಒಳ್ಳೆಯದು. ಗೇರಿಲ್ಲದ, ನಾಲ್ಕು ಸ್ಟ್ರೋಕಿನ ಎಂಜಿನ್ ಮಕ್ಕಳಿಗೆ ಅನುಕೂಲ. ಎರಡು ಸ್ಟ್ರೋಕಿನದರಂತೆ ಪೆಟ್ರೋಲಿಗೆ ಎಣ್ಣೆ ಬೆರೆಸುವ ತಾಪತ್ರಯವಿಲ್ಲ. ಬಿಡಿಭಾಗಗಳು ಎಲ್ಲಿ ದೊರೆಯುತ್ತವೆ ಎಂಬುದನ್ನು ಕೊಳ್ಳುವ ಮೊದಲೇ ಕೇಳತಕ್ಕದ್ದು. ಬ್ರೇಕ್ ಕೇಬಲ್ ತುಂಡಾದ ಗಾಡಿ ಊರಿನ ಮೂಲೆಯಲ್ಲಿ ಕೋಳಿಗಳಿಗೆ ಗೂಡಾಗುವುದು ತೀರ ಸಾಧಾರಣ.

ಆರಕ್ಕಿಂತ ಕೆಳಗಿನವರಿಗೆ ಬ್ಯಾಟರಿಯ ಆಟಿಕೆ ಗಾಡಿಯೊಂದೇ ದಾರಿ. 12 ವೋಲ್ಟಿನ ಗಾಡಿ ದೊಡ್ಡವರ ಬಿರುಸು ನಡಿಗೆಯ ವೇಗದಲ್ಲಿ ಓಡುತ್ತದೆ. ಪಕ್ಕದಲ್ಲಿ ಒಬ್ಬರು ಹೆಜ್ಜೆ ಹಾಕಬಹುದು. 2021ರ ಜನವರಿಯಿಂದ ಹದಿನಾಲ್ಕು ವರ್ಷದೊಳಗಿನವರ ಆಟಿಕೆಗಳಿಗೆ ಐ.ಎಸ್.ಐ. ಮುದ್ರೆ ಕಡ್ಡಾಯವಾಗಿದೆ, ಮುದ್ರೆಯಿಲ್ಲದುದನ್ನು ಅಗ್ಗವೆಂದು ಕೊಳ್ಳಬಾರದು. ಬರಿಯ ಪ್ಲಾಸ್ಟಿಕ್ ಚಕ್ರ ಗಾರೆ ನೆಲದ ಮೇಲೆ ಬೇಗ ಸವೆಯುತ್ತದೆ, ಒದ್ದೆಯಲ್ಲಿ ಜಾರುತ್ತದೆ. ರಬ್ಬರಿನ ಹೊದಿಕೆಯುಳ್ಳದು ಮೇಲು.

ಚೆಂಬೂರಿನ ತಂದೆ ಅಂದು ರಾತ್ರಿ ಕಾಗದದ ಮೇಲೆ ಲೆಕ್ಕ ಹಾಕಿದರು. ರಜೆಯಲ್ಲಿ ಮೂವತ್ತು ದಿನ, ದಿನಕ್ಕೆ ಅರ್ಧ ಗಂಟೆ, ವರ್ಷಕ್ಕೆ ಹದಿನೈದು ಗಂಟೆ. ಮೂರು ವರ್ಷದಲ್ಲಿ ಗಾಡಿ ಚಿಕ್ಕದಾಗುತ್ತದೆ. ಬೆಲೆ 60,000 ರೂಪಾಯಿ ಎಂದು ಹಿಡಿದರೂ ಒಟ್ಟು 45 ಗಂಟೆಗೆ ಹಂಚಿದಾಗ ಗಂಟೆಗೆ 1,333 ರೂಪಾಯಿ. ರಿಪೇರಿ, ಹೆಲ್ಮೆಟ್, ಸಾಗಾಣಿಕೆ ಬೇರೆ. ಮಾರಿದರೆ ಸಿಗುವುದನ್ನು ಕಳೆದರೂ ಸವಕಳಿ ಸಣ್ಣದಲ್ಲ.

ಊರಿಗೆ ಫೋನು ಮಾಡಿದಾಗ ದೊಡ್ಡಪ್ಪ ಕೇಳಿದ ಪ್ರಶ್ನೆ ಒಂದೇ: “ಓಡಿಸುವುದು ಎಲ್ಲಿ ಮಾರಾಯ? ತೋಟದಲ್ಲಿ ಎರಡು ಸಾಲಿಗೊಂದು ಬಸಿಗಾಲುವೆ. ಗುಡ್ಡದ ಕಡೆ ಇಳಿಜಾರು. ಉಳಿದದ್ದು ಅಡಿಕೆ ಒಣಗಿಸುವ ಅಂಗಳ.” ಊರಿನ ರಸ್ತೆಯ ಮಾತೇ ಇಲ್ಲ. ಸಾರ್ವಜನಿಕ ಸ್ಥಳದಲ್ಲಿ ಅಪ್ರಾಪ್ತ ವಯಸ್ಕರು ಮೋಟಾರು ವಾಹನ ನಡೆಸಿ ಅಪರಾಧವೆಸಗಿದರೆ, 2019ರ ತಿದ್ದುಪಡಿಯ ಪ್ರಕಾರ ಪಾಲಕರಿಗೆ ಅಥವಾ ಒಡೆಯರಿಗೆ ಮೂರು ವರ್ಷದವರೆಗೆ ಸೆರೆವಾಸ, 25,000 ರೂಪಾಯಿ ದಂಡ.

ಅಂಗಳಕ್ಕೆ ಎ.ಟಿ.ವಿ. ಏಕೆ? ಆ ವರ್ಷ 16 ಅಂಗುಲದ ಚಕ್ರದ ಸೈಕಲ್ಲೊಂದು, ತಲೆಗೆ ಸರಿಯಾಗಿ ಕೂರುವ ಹೆಲ್ಮೆಟ್ಟೊಂದು ಊರಿಗೆ ಹೋದವು. ಹುಡುಗ ಎರಡು ದಿನ ಮುನಿಸಿಕೊಂಡಿದ್ದ, ಮೂರನೆಯ ದಿನ ಅಂಗಳ ಸುತ್ತತೊಡಗಿದ. ಎ.ಟಿ.ವಿ.ಯ ಆಸೆ ಹೋಗಿಲ್ಲ. ಅಂಗಡಿಯಿಂದ ಬಂದ ದಿನ ತಂದೆ ಬಾಗಿಲ ಚೌಕಟ್ಟಿನ ಮೇಲೆ ಅವನ ಎತ್ತರದ ಗುರುತು ಹಾಕಿ ದಿನಾಂಕ ಬರೆದಿದ್ದಾರೆ.

ಈಗಾಗಲೇ ಕೊಂಡು ಊರಿನಲ್ಲಿ ಬಿಟ್ಟುಬಂದಿರುವವರು ಎರಡು ಕೆಲಸ ಮರೆಯಬಾರದು. ಇಂದಿನ ಪೆಟ್ರೋಲಿನಲ್ಲಿ ಎಥನಾಲ್ ಬೆರೆತಿದ್ದು ಅದು ತೇವವನ್ನು ಹೀರಿಕೊಳ್ಳುತ್ತದೆ. ತಿಂಗಳುಗಟ್ಟಲೆ ನಿಂತ ಪೆಟ್ರೋಲು ಕಾರ್ಬ್ಯುರೇಟರಿನಲ್ಲಿ ಅಂಟುಗಟ್ಟುತ್ತದೆ. ಹೊರಡುವ ಮುನ್ನ ಟ್ಯಾಂಕನ್ನೂ ಕಾರ್ಬ್ಯುರೇಟರನ್ನೂ ಬರಿದು ಮಾಡಬೇಕು. ಬ್ಯಾಟರಿಯ ಗಾಡಿಯಾದರೆ, ಸೀಸದ ಬ್ಯಾಟರಿಯನ್ನು ತಿಂಗಳಿಗೊಮ್ಮೆ ಚಾರ್ಜ್ ಮಾಡಲು ಊರಿನಲ್ಲಿ ಒಬ್ಬರಿಗೆ ಹೇಳಿ ಬರಬೇಕು. ಇಲ್ಲವಾದರೆ ಮುಂದಿನ ಮೇ ತಿಂಗಳಿಗೆ ಹೊಸ ಬ್ಯಾಟರಿಯ ಖರ್ಚು ಕಾದಿರುತ್ತದೆ.